ಗೋಡೆಯಿಲ್ಲದ ಬಾಗಿಲು

ಆಗ ನಮ್ಮೂರಲ್ಲಿ ಏನು ಮುರಿದರೂ ಕೂಗುವ ಹೆಸರು ಒಂದೇ. ನೊಗ ಸೀಳಿದರೆ ಕೆಂಚಣ್ಣ, ಮಾಳಿಗೆ ಸೋರಿದರೆ ಕೆಂಚಣ್ಣ, ಬಾವಿಯ ರಾಟೆ ಕಿರುಗುಟ್ಟಿದರೆ ಕೆಂಚಣ್ಣ. ಕೂಸು ಹುಟ್ಟಿದರೆ ತೊಟ್ಟಿಲು ಮಾಡುವವನು ಅವನು, ಮುದುಕರು ಸತ್ತರೆ ಚಟ್ಟ ಕಟ್ಟುವವನೂ ಅವನು. ನಮ್ಮಜ್ಜಿಗೆ ಹಲ್ಲುನೋವು ಬಂದಾಗಲೂ ಅವನನ್ನೇ ಕರೆಸಿದರು. ಬಾಯೊಳಗೆ ಬಗ್ಗಿ ನೋಡಿ, "ಇದು ಬಾಚಿ ಕೆಲ್ಸ ಅಲ್ಲ ಕಣವ್ವ, ಇಕ್ಕಳದ ಕೆಲ್ಸ" ಎಂದ. ಅಜ್ಜಿ ಬೈಯಲು ಬಾಯಿ ತೆಗೆದಳು. ಅಷ್ಟರಲ್ಲಿ ಹಲ್ಲು ಅವನ ಕೈಯಲ್ಲಿತ್ತು.

ಇನ್ನೂ ಮಹಾರಾಜರ ಕಾಲ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಗಾಡಿದಾರಿಯ ಪಕ್ಕಕ್ಕೆ ನಮ್ಮೂರು. ಇದ್ದದ್ದು ಎರಡು ಬೀದಿ. ಗುಡಿಬೀದಿಯಲ್ಲಿ ಪಟೇಲ ರುದ್ರಯ್ಯನವರು, ಅವರ ನೆಂಟರು. ವಿಭೂತಿ ಹಚ್ಚುವ ಜನ, ಹೊಲ ಅಂಗಡಿ ಎರಡೂ ಇದ್ದವರು. ಹಟ್ಟಿಬೀದಿ ನಮ್ಮದು, ಕುರಿ ಸಾಕುವವರದು. ನಮ್ಮ ಬೀದಿಗೆ ಕಾಲಿಟ್ಟರೆ ಮೊದಲು ಕಂಬಳಿಯ ವಾಸನೆ, ಆಮೇಲೆ ಹಿಕ್ಕೆಯ ವಾಸನೆ, ಕೊನೆಗೆ ಮನುಷ್ಯರು ಸಿಗುತ್ತಿದ್ದರು. ಎರಡು ಬೀದಿಯ ನಡುವೆ ಬಯಲು, ಒಂದು ಹುಣಸೆಮರ, ಮಾರವ್ವನ ಗುಡಿ. ಮಾತುಕತೆ, ಕೊಡುವುದು ತರುವುದು ಎಲ್ಲ ನಡೆಯುತ್ತಿತ್ತು. ಆದರೆ ಅವರ ಅಡಿಗೆಮನೆಗೆ ನಾವು ಹೋಗುವಂತಿರಲಿಲ್ಲ, ನಮ್ಮ ಮನೆಯ ನೀರನ್ನು ಅವರು ಕುಡಿಯುತ್ತಿರಲಿಲ್ಲ. ಎರಡೂ ಬೀದಿಯ ಅಡಿಗೆಮನೆಗಳೊಳಗೆ ಹೋಗಿ ಗಡಿಗೆಯ ಮುಚ್ಚಳ ಎತ್ತಿ ನೋಡುವ ಧೈರ್ಯ ಇದ್ದದ್ದು ಬೆಕ್ಕಿಗೆ, ಬಿಟ್ಟರೆ ಕೆಂಚಣ್ಣನಿಗೆ.

ಅದು ಹೇಗೆಂದು ಅಜ್ಜಿ ಹೇಳುತ್ತಿದ್ದಳು. ಅವಳು ಸೊಸೆಯಾಗಿ ಬಂದ ಹೊಸದರಲ್ಲಿ ಪ್ಲೇಗು ಬಿದ್ದು, ಊರು ಖಾಲಿ ಮಾಡಿ ಎಲ್ಲರೂ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ. ಒಂದು ಬೆಳಗ್ಗೆ ನೋಡಿದರೆ ಮಾರವ್ವನ ಗುಡಿಯ ಜಗಲಿಯ ಮೇಲೆ ಒಂದು ಗಂಡುಕೂಸು ಕೂತಿತ್ತು. ಕೆಂಚುಕೂದಲು, ಎಡಗಿವಿಯ ತುದಿ ಸೀಳಿತ್ತು, ಮಾತು ಸರಿಯಾಗಿ ಬಾರದು. ಯಾರು ಬಿಟ್ಟುಹೋದರೋ, ಹೆತ್ತವರು ದಾರಿಯಲ್ಲಿ ಎಲ್ಲಿ ಬಿದ್ದು ಸತ್ತರೋ ತಿಳಿಯಲಿಲ್ಲ. ಆಗಿನ ಪಟೇಲರು, ಎಂದರೆ ರುದ್ರಯ್ಯನವರ ತಂದೆ, "ಅಮ್ಮ ನಮ್ಮಿಂದ ಇಷ್ಟು ಜನಾನ ತಗೊಂಡ್ಳು, ಒಂದನ್ನ ಕೊಟ್ಟವಳೆ. ಅಮ್ಮ ಕೊಟ್ಟಿದ್ದಕ್ಕೆ ಕುಲ ಕೇಳಬಾರದು" ಎಂದುಬಿಟ್ಟರಂತೆ. ಸಾವು ಎದುರಿಗೆ ಕೂತಾಗ ಜನ ಒಳ್ಳೆಯ ಮಾತು ಆಡುತ್ತಾರೆ. ಹಾಗೆ ಕೆಂಚ ಊರಿನ ಮಗನಾದ. ದಿನಕ್ಕೊಂದು ಮನೆಯಂತೆ ಸರದಿಯ ಮೇಲೆ ಉಂಡು ಬೆಳೆದ. ಒಬ್ಬ ಬಡಗಿ ಬಂದರೆ ಅವನ ಹಿಂದೆ, ಕಲ್ಲುಕುಟಿಗ ಬಂದರೆ ಅವನ ಹಿಂದೆ ತಿರುಗಿ ಎಲ್ಲ ಕೆಲಸ ಕಲಿತ.

ನಾನು ನೋಡುವ ಹೊತ್ತಿಗೆ ತಲೆಯ ಕೆಂಚು ಹೋಗಿ ಬಿಳಿ ಬರುತ್ತಿತ್ತು. ಮದುವೆಯಿಲ್ಲ. ಕುಲ ತಿಳಿಯದವನಿಗೆ ಹೆಣ್ಣು ಕೊಡುವವರು ಯಾರು? ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಕೆಂಚಂಗೆ ಸಂಸಾರದ ಆಸೇನೇ ಇಲ್ಲ ಬುಡು" ಎನ್ನುತ್ತಿದ್ದರು. ಮಲಗುವುದು ಅದೇ ಗುಡಿಯ ಜಗಲಿ.

ನಮ್ಮ ಮನೆಯ ಸರದಿ ಬಂದ ದಿನ ಹೊತ್ತೇರುವ ಮುಂಚೆ ಬರುತ್ತಿದ್ದ. ಹೊಸಲು ದಾಟುವಾಗ ಬಾಗಿಲುವಾಡವನ್ನು ಒಂದು ಸಲ ಅಂಗೈಯಿಂದ ತಟ್ಟುವನು, ಎತ್ತಿನ ಬೆನ್ನು ತಟ್ಟಿದ ಹಾಗೆ. ಊರಿನ ಬಾಗಿಲುಗಳಲ್ಲಿ ಮುಕ್ಕಾಲು ಪಾಲು ಅವನು ಮಾಡಿ ನಿಲ್ಲಿಸಿದ್ದು. ನೇರ ಒಲೆಯ ಹತ್ತಿರ ಹೋಗಿ ಕಂಬಕ್ಕೆ ಒರಗಿ ಕೂರುವನು.

"ಏನವ್ವ ಇವತ್ತು?"

"ಹುರುಳಿಕಾಳು ಸಾರು. ನಿಮ್ಮತ್ತೆ ಮನೇಲಿ ಒಬ್ಬಟ್ಟು ಮಾಡವ್ರಂತೆ, ಅಲ್ಲಿಗೋಗು."

"ಅತ್ತೆ ಮನೆ ಇದ್ದಿದ್ರೆ ನಿನ್ ಸಾರ್ನ ಯಾಕವ್ವ ಉಣ್ತಿದ್ದೆ?"

ಅಜ್ಜಿ ಮುದ್ದೆ ತೊಳಸುವಷ್ಟರಲ್ಲಿ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಮಣೆಯ ಕಾಲು ಅಲ್ಲಾಡಿದರೆ ಬೆಣೆ ಹೊಡೆಯುವನು. ನೆಲದಲ್ಲಿ ಹೂತಿದ್ದ ಒರಳನ್ನು ಬೆರಳಿಂದ ಸವರಿ, "ನುಣ್ಣಗಾಗದೆ ಕಣವ್ವ, ಮುಳ್ಳು ಹಾಕ್ಬೇಕು" ಎನ್ನುವನು. ಮುಳ್ಳು ಹಾಕುವುದೆಂದರೆ ಸವೆದ ಕಲ್ಲಿಗೆ ಉಳಿಯಿಂದ ಸಣ್ಣ ಸಣ್ಣ ಗುಳಿ ಹೊಡೆಯುವುದು. ಹಾಗೆ ಮಾಡದಿದ್ದರೆ ಕಾಳು ಜಾರುತ್ತದೆ, ಅರೆಯುವುದಿಲ್ಲ. ಅವನು ಟಿಕ್ ಟಿಕ್ ಎಂದು ಹೊಡೆಯುತ್ತಿದ್ದರೆ ಕಲ್ಲಿನ ಪುಡಿಯ ಸುಟ್ಟ ವಾಸನೆಯೂ ಸಾರಿನ ಒಗ್ಗರಣೆಯೂ ಒಟ್ಟಿಗೆ ಮೂಗಿಗೆ ಬರುತ್ತಿದ್ದವು. ಈಗಲೂ ಎಲ್ಲಾದರೂ ಕಲ್ಲು ಕೊರೆದರೆ ನನಗೆ ಹಸಿವಾಗುತ್ತದೆ.

ನನಗೊಂದು ಅಳಗುಳಿಮಣೆ ಮಾಡಿಕೊಟ್ಟಿದ್ದ. ಬೇವಿನ ಹಲಗೆ. ನಾವು ಹುಣಸೆಬೀಜ ಹಾಕಿ ಆಡುತ್ತಿದ್ದೆವು.

"ಒಂದು ಗುಳಿ ಸಣ್ಣದಾಗದಲ್ಲ ಕೆಂಚಣ್ಣ" ಎಂದೆ.

"ನಿನ್ ಬಾಯಿ ದೊಡ್ಡದಾಗದಲ್ಲ ಗಂಗಿ, ಅಲ್ಲಿಗಲ್ಲಿಗೆ ಸರಿಹೋಯ್ತು ಕಣಮ್ಮ" ಎಂದ.

ನನಗೆ ಹತ್ತು ವರ್ಷ ಇದ್ದಿರಬೇಕು. ಆ ವರ್ಷ ಕಡಲೆಕಾಯಿ ಚೆನ್ನಾಗಿ ಆಗಿತ್ತು. ಊರೆಲ್ಲ ಹಸಿಮಣ್ಣು, ಕಿತ್ತ ಬಳ್ಳಿಯ ವಾಸನೆ. ನಾವು ಮಕ್ಕಳು ಹೊಲದಲ್ಲೇ ಒಣಬಳ್ಳಿಗೆ ಬೆಂಕಿ ಹಾಕಿ ಕಾಯಿ ಸುಟ್ಟು, ಬೂದಿಯೊಳಗೆ ಕೈಯಾಡಿಸಿ ಹೆಕ್ಕಿ ತಿಂದು, ಮುಖವೆಲ್ಲ ಮಸಿ ಮಾಡಿಕೊಂಡು ಮನೆಗೆ ಬರುತ್ತಿದ್ದೆವು. ಪಾವಗಡದ ಕಡೆಗೂ ಮಧುಗಿರಿಯ ಕಡೆಗೂ ಗಾಡಿಗಳು ಓಡಾಡುತ್ತಿದ್ದವು. ಪಾವಗಡದ ಕಡೆ ಹೋದ ಗಾಡಿಗಳ ಜೊತೆ ಕೆಂಚಣ್ಣನೂ ಹೋದ. ಚಕ್ರ ಮುರಿದರೆ ದಾರಿಯಲ್ಲಿ ಯಾರು ದಿಕ್ಕು? ಹಳ್ಳದ ದಾರಿ ಕೊಚ್ಚಿಹೋಗಿತ್ತೆಂದು ಆ ಸಲ ಯಾವುದೋ ಕಾಣದ ಹಳ್ಳಿಗಳನ್ನು ಸುತ್ತಿಕೊಂಡು ಹೋಗಿದ್ದರು.

ಬಂದ ಮೇಲೆ ಅವನು ಮೊದಲಿನ ಹಾಗಿರಲಿಲ್ಲ. ಉಣ್ಣುವಾಗ ತುತ್ತು ಕೈಯಲ್ಲೇ ಹಿಡಿದು ಕೂರುತ್ತಿದ್ದ. ಒಂದು ದಿನ ಊರವರು ಹುಣಸೆಮರದ ಕೆಳಗೆ ಸೇರಿದ್ದಾಗ ಹೋಗಿ, "ನಂಗೊಂದು ಮನೆ ಬೇಕು" ಎಂದ.

ಎಲ್ಲರೂ ನಕ್ಕರು.

"ಎಲ್ಲಾರ ಮನೇನೂ ನಿಂದೇ ಅಲ್ವೇನೋ" ಎಂದರು ಪಟೇಲರು.

"ಅದು ಸರಿ ಸ್ವಾಮಿ. ನಂದೂ ಅಂತ ಒಂದು ಗೋಡೆ ಬೇಕು."

ಸರಿ, ಎಲ್ಲಿ ಕಟ್ಟಬೇಕು ಎನ್ನುವ ಮಾತು ಬಂತು. ಪಟೇಲರು ತಮ್ಮ ಹಿತ್ತಿಲ ಪಕ್ಕದಲ್ಲಿ ಜಾಗ ಇದೆ ಎಂದರು. ನಮ್ಮ ದೊಡ್ಡಪ್ಪ ಕರಿಯಪ್ಪ ಹಟ್ಟಿಬೀದಿಯ ಯಜಮಾನ. ಅವನು ಒಪ್ಪಲಿಲ್ಲ.

"ಅದೆಂಗಾಯ್ತದೆ ಸ್ವಾಮಿ? ನಿಮ್ ಬೀದೀಲಿ ಮನೆ ಕಟ್ಟಿದ್ರೆ ನಿಮ್ಮೋನಾಗೋಯ್ತಾನೆ. ನಾಳೆ ನಮ್ ಕುರಿರೊಪ್ಪದ ಬಾಗ್ಲು ಮುರುದ್ರೆ ನಿಮ್ ಅಪ್ಪಣೆ ಕೇಳ್ಬೇಕಾ?"

"ನಿಮ್ಮ ಬೀದೀಲಿ ಕಟ್ಟಿದ್ರೆ ಆ ಹಿಕ್ಕೆ ವಾಸನೇಲಿ ಅವನಿಗೆ ನಿದ್ದೆ ಹತ್ತುತ್ತಾ ಕರಿಯಪ್ಪ?"

"ಇಷ್ಟು ವರ್ಷ ಉಣ್ಣಾಕ್ ಬತ್ತಿದ್ನಲ್ಲ, ಮೂಗ ಗುಡೀಲಿಟ್ಟು ಬತ್ತಿದ್ನಾ?"

ಕೆಂಚಣ್ಣ ಒಂದು ಬದಿಗೆ ಕೂತು ಯಾರದೋ ಹುಡುಗನ ಬುಗುರಿ ಕೆತ್ತುತ್ತ ನಗುತ್ತಿದ್ದ. ಅವನಿಗಾಗಿ ಜಗಳವಾಡುವವರು ಇಷ್ಟು ಜನ ಇದ್ದಾರೆ ಎಂದು ಖುಷಿಯಾಗಿತ್ತೋ ಏನೋ. ಕೊನೆಗೆ ಅಜ್ಜಿಯೇ, "ನಿಮ್ಗೂ ಬ್ಯಾಡ ಅವ್ರಿಗೂ ಬ್ಯಾಡ, ಈ ಹುಣಸೆಮರದ ಮಗ್ಗುಲಲ್ಲಿ ಕಟ್ಕಳ್ಳಿ, ಎರಡು ಕಡೇಗೂ ಕೂಗಿದ್ರೆ ಕೇಳಿಸ್ತದೆ" ಎಂದಳು. ಅದಕ್ಕೆ ಎಲ್ಲರೂ ತಲೆಯಾಡಿಸಿದರು.

ನಮ್ಮ ಕಡೆ ಮೊದಲು ಬಾಗಿಲು ನಿಲ್ಲಿಸಿ, ಪೂಜೆ ಮಾಡಿ, ಆಮೇಲೆ ಗೋಡೆ ಏಳಿಸುವುದು. ಒಮ್ಮೆ ನಿಲ್ಲಿಸಿದ ಬಾಗಿಲನ್ನು ಕೀಳಬಾರದು. ಕಾರ್ತಿಕ ಮಾಸದಲ್ಲಿ ಕೆಂಚಣ್ಣ ಬಾಗಿಲು ನಿಲ್ಲಿಸಿದ. ಎಡಗಡೆಯ ಕಂಬ ಪಟೇಲರ ಮನೆಯ ತೊಲೆಯಲ್ಲಿ ಉಳಿದ ತುಂಡು, ಬಲಗಡೆಯದು ನಮ್ಮ ಹಿತ್ತಿಲ ಬೇವು, ಮೇಲಿನ ಅಡ್ಡಪಟ್ಟಿ ಮಾರವ್ವನ ಗುಡಿಯದು. ಕೆಳಗಿನ ಹೊಸಲಿಗೆ ಕಲ್ಲನ್ನು ತಾನೇ ಕಡೆದಿದ್ದ. ಅಡ್ಡಪಟ್ಟಿಯಲ್ಲಿ ಎರಡು ಗಿಣಿ ಕೊರೆದಿದ್ದ. ಬೇರೆಯವರ ಬಾಗಿಲಿಗೆ ಅವನು ಗಿಣಿ ಕೊರೆದದ್ದು ನಾನು ಕಾಣೆ. ಬಾಗಿಲು ಮಾತ್ರ ಗಿಡ್ಡ, ಅವನು ಗಿಡ್ಡ. ದೊಡ್ಡಪ್ಪ ಒಳಗೆ ಹೋಗಿ ಹೊರಗೆ ಬರುವಾಗ ತಲೆ ಹೊಡೆಸಿಕೊಂಡ.

"ಲೇ ಕೆಂಚ, ನಿನ್ ಮನೇಗೆ ಬರೋರು ತಲೆ ಬಗ್ಗಿಸ್ಕಂಡೇ ಬರ್ಬೇಕು ಅಂತ ಮಾಡಿದೀಯೇನ್ಲಾ?"

"ಊ ಕಣಣ್ಣ. ನಿಮ್ಮನೇಗೆಲ್ಲ ಇಷ್ಟು ವರ್ಷ ನಾನು ಬಗ್ಗಿ ಬರ್ಲಿಲ್ವಾ?"

ಎಲ್ಲರೂ ನಕ್ಕರು. ಎರಡು ಬೀದಿಯವರೂ ಆಳಿಗೊಂದು ಬೊಗಸೆ ಮಣ್ಣು ಹಾಕಿ ಹೊಸಲು ಗಟ್ಟಿ ಮಾಡಿದರು. ಆಮೇಲೆ ಊಟ. ಗುಡಿಬೀದಿಯವರು ಅತ್ತ ಒಂದು ಪಂಕ್ತಿ, ನಾವು ಇತ್ತ ಒಂದು ಪಂಕ್ತಿ, ನಡುವೆ ಬಾಗಿಲು. ಹೊಸ ಅವರೆಕಾಯಿಯ ಸೊಗಡಿನ ಸಾರು, ಬೆಲ್ಲದ ಪಾಯಸ. ಕೆಂಚಣ್ಣ ಎರಡು ಕಡೆಗೂ ಬಡಿಸುತ್ತ ಬಾಗಿಲ ಹತ್ತಿರ ನಿಂತು ಹೇಳಿದ.

"ಈ ಮನೆ ನಂಗಲ್ಲ ಕಣ್ರಪ್ಪ. ನಮ್ಮಕ್ಕಂಗೆ."

ಯಾರಿಗೂ ಅರ್ಥವಾಗಲಿಲ್ಲ. ಆಗ ಹೇಳಿದ: ಪಾವಗಡದ ಆಚೆ ಒಂದು ಹಳ್ಳಿಯಲ್ಲಿ ಗಾಡಿ ನಿಲ್ಲಿಸಿದ್ದಾಗ ಒಬ್ಬ ಕುರುಡು ಹೆಂಗಸು ಬಂದಳು. ಪ್ಲೇಗಿನ ವರ್ಷ ಮಧುಗಿರಿಯ ದಾರಿಯಲ್ಲಿ ಬಿಟ್ಟುಹೋದ ತಮ್ಮನನ್ನು ಯಾರಾದರೂ ಕಂಡಿರಾ, ಎಡಗಿವಿ ಸೀಳಿದವನು, ಎಂದು ಆ ಕಡೆ ಬರುವ ಗಾಡಿಯವರನ್ನೆಲ್ಲ ಕೇಳುವುದು ಅವಳ ಅಭ್ಯಾಸ. ಅಲ್ಲಿದ್ದ ಬೇರೆ ಊರಿನ ಗಾಡಿಯವರು ಇವನನ್ನು ಮುಂದೆ ತಳ್ಳಿದರು. ಅವಳು ಕಿವಿ ಮುಟ್ಟಿ ನೋಡಿ ಅಲ್ಲೇ ನೆಲಕ್ಕೆ ಕೂತಳು. ಈಗ ಅವಳಿಗೆ ಯಾರೂ ಇಲ್ಲ, ಯಾರದೋ ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದಾಳೆ.

"ಗುಡಿ ಜಗಲೀಲಿ ಹೆಣ್ಣೆಂಗ್ಸನ್ನ ಹೆಂಗ್ ಮಲಗ್ಸಾದು? ಅದಕ್ಕೆ ಮನೆ ಕೇಳ್ದೆ. ಸಂಕ್ರಾಂತಿಗೆ ಬತ್ತಾಳೆ, ಗಾಡಿಯವರ ಕೈಲಿ ಹೇಳಿ ಕಳ್ಸಿವ್ನಿ" ಎಂದ. ಆಮೇಲೆ ಇನ್ನೂ ಸಂತೋಷದಿಂದ, "ನಮ್ಮಪ್ಪ ಯಾರು, ನಮ್ಮವ್ವ ಯಾರು, ನಾವು ಯಾವ್ ಜನ, ಎಲ್ಲಾ ಅವಳಿಗೆ ಗೊತ್ತು. ನಾನೇ ಕೇಳಲಿಲ್ಲ. ಸಾಕ್ದೋರು ಅವ್ರೆ, ಅವ್ರ ಮುಂದೆ ಬಂದು ಹೇಳು ಅಂದೆ. ನೀವೇ ಮೊದ್ಲು ಕೇಳ್ಬೇಕು" ಎಂದ.

ಪಟೇಲರು ಪಾಯಸ ಅರ್ಧ ಬಿಟ್ಟು ಕೈ ತೊಳೆದರು. ದೊಡ್ಡಪ್ಪ ಹಣೆಯ ಬೋರೆ ಒತ್ತಿಕೊಳ್ಳುತ್ತ ಎದ್ದುಹೋದ. ಕೆಂಚಣ್ಣ ಪಾಯಸದ ಗಡಿಗೆ ಹಿಡಿದು, "ಇನ್ನೊಂದ್ ಸ್ವಲ್ಪ, ಇನ್ನೊಂದ್ ಸ್ವಲ್ಪ" ಎನ್ನುತ್ತಲೇ ಇದ್ದ.

ಗೋಡೆಗೆ ಕೆರೆಯ ಮಣ್ಣು ಬೇಕು. ಕೆರೆಯ ಮಣ್ಣಿಗೆ ಪಟೇಲರ ಅಪ್ಪಣೆ ಬೇಕು, ಹೊರಲು ಊರಿನ ಗಾಡಿ ಬೇಕು, ತುಳಿಯಲು ಆಳು ಬೇಕು. ಮೊದಲು ಕಡಲೆಕಾಯಿ ಬಿಡಿಸುವುದು ಮುಗಿಯಲಿ ಎಂದರು. ಆಮೇಲೆ ರಾಗಿ ಕಣ ಆಗಲಿ ಎಂದರು. ಅಷ್ಟರಲ್ಲಿ ಧನುರ್ಮಾಸ ಬಂತು, ಪಟೇಲರಿಗೆ ಅನುಕೂಲವಾಯಿತು. "ಧನುರ್ಮಾಸದಲ್ಲಿ ಮನೆ ಕೆಲಸ ಮಾಡಬಾರದಪ್ಪ ಕೆಂಚ, ನಿನ್ನ ಒಳ್ಳೇದಕ್ಕೇ ಹೇಳ್ತೀನಿ." ಅವನನ್ನು ಯಾರೂ ಬೈಯಲಿಲ್ಲ. ಸರದಿ ಊಟ ನಿಲ್ಲಲಿಲ್ಲ, ಎಂದಿಗಿಂತ ತುಪ್ಪ ಜಾಸ್ತಿ ಹಾಕಿದರು. ಅವನು ಬಾಗಿಲನ್ನು ದಿನಾ ಒರೆಸಿ ಎಣ್ಣೆ ಹಚ್ಚುತ್ತಿದ್ದ. ನಾವು ಮಕ್ಕಳು ಅದರಲ್ಲಿ ಮನೆ ಆಟ ಆಡುತ್ತಿದ್ದೆವು. ಸುತ್ತ ಬಯಲಿದ್ದರೂ ಒಬ್ಬರೂ ಪಕ್ಕದಿಂದ ಹೋಗುತ್ತಿರಲಿಲ್ಲ, ಬಾಗಿಲಿಂದಲೇ ಹೋಗಬೇಕು, ಬಾಗಿಲಿಂದಲೇ ಬರಬೇಕು.

"ಯಾಕಜ್ಜಿ ಯಾರೂ ಗೋಡೆ ಕಟ್ಟಾಕ್ ಹೋಗಲ್ಲ?" ಎಂದು ನಾನು ಕೇಳಿದೆ. ಅವರೆಕಾಳು ಹಿಸುಕುತ್ತಿದ್ದಳು.

"ಅವಳು ಬಂದು ಬಾಯ್ಬುಟ್ರೆ ಆಮೇಲೆ ಏನ್ ಮಾಡಾದು ಅಂತ ಕಣೆ. ಅವನು ಉಂಡ ತಟ್ಟೇನ ನಾನೂ ತೊಳ್ದಿವ್ನಿ, ಪಟೇಲ್ನ ಹೆಂಡ್ತೀನೂ ತೊಳ್ದವ್ಳೆ. ಏನಾದ್ರೂ ಹೆಚ್ಚುಕಮ್ಮಿ ಜನ ಅಂತ ಗೊತ್ತಾದ್ರೆ? ಗೊತ್ತಾಗ್ದೆ ಇದ್ರೆ ಹಿಂಗೇ ನಡ್ಕಂಡು ಹೋಯ್ತದೆ."

"ನೀನೂ ಹಂಗೇ ಅಂತೀಯಾ?"

ಅಜ್ಜಿ ಕಾಳಿನ ಮೇಲೆ ಸಿಟ್ಟು ತೀರಿಸಿಕೊಂಡಳು. "ಹೋಗ್, ಕುರಿಮರಿ ಬಿಚ್ಕಂಡೈತೆ ನೋಡು."

ಕೆಂಚಣ್ಣನ ಅಕ್ಕ ಸಂಕ್ರಾಂತಿಯ ಮಾರನೆ ದಿನ ಬಂದಳು. ಮಧುಗಿರಿಗೆ ಹೋಗುವ ಕಡಲೆಕಾಯಿ ಗಾಡಿಯವರು ಹುಣಸೆಮರದ ಹತ್ತಿರ ಇಳಿಸಿ, ನಾಳೆ ಮರಳಿ ಬರುವಾಗ ಸಿಗುತ್ತೇವೆ ಎಂದು ಹೊರಟರು. ನಾನು ಯಾರೋ ಮುದುಕಿ ಬರುತ್ತಾಳೆ ಎಂದುಕೊಂಡಿದ್ದೆ. ಅಷ್ಟೇನೂ ಮುದುಕಿಯಲ್ಲ. ಬೆನ್ನು ನೆಟ್ಟಗಿತ್ತು. ಕಂಕುಳಲ್ಲಿ ಒಂದು ಗಂಟು. ಆ ಗಂಟಿನಲ್ಲಿ ತಮ್ಮನ ಹೊಸ ಮನೆಗೆಂದು ಒಂದು ಹೊಸ ಮಡಕೆ, ಒಳಗೆ ಒಂದು ಹಿಡಿ ಉಪ್ಪು ತಂದಿದ್ದಳು.

ಊರವರು ಎರಡೂ ಬೀದಿಯ ತುದಿಯಲ್ಲಿ ನಿಂತು ನೋಡಿದರು. ಅಜ್ಜಿ ಮಾತ್ರ ಮಜ್ಜಿಗೆ ಹಿಡಿದು ಹೋದಳು, ನಾನು ಅವಳ ಸೆರಗು ಹಿಡಿದು ಹೋದೆ. ಕೆಂಚಣ್ಣ ಅಕ್ಕನ ಕೈ ಹಿಡಿದು ತಂದು ಬಾಗಿಲ ಮುಂದೆ ನಿಲ್ಲಿಸಿದ. ಅವಳು ಎರಡು ಕೈಯಿಂದ ಕಂಬ ಸವರಿದಳು. ಮೇಲೆ ಕೈಯೆತ್ತಿ ಗಿಣಿಯ ಕೊಕ್ಕು, ರೆಕ್ಕೆ, ಬಾಲ ಎಲ್ಲ ಮುಟ್ಟಿದಳು.

"ಬಾಗುಂದಿರಾ, ಶಾನಾ ಬಾಗುಂದಿ" ಎಂದಳು. ಚೆನ್ನಾಗಿದೆ ಕಣೋ, ತುಂಬ ಚೆನ್ನಾಗಿದೆ ಎಂದು ಅವರ ತೆಲುಗಿನಲ್ಲಿ.

ಆಮೇಲೆ ಹೊಸಲು ದಾಟಿ ಒಳಗೆ ಕಾಲಿಟ್ಟಳು. ಕುರುಡರು ಹೊಸ ಮನೆಗೆ ಬಂದರೆ ಗೋಡೆ ಹಿಡಿದು ನಡೆಯುತ್ತಾರೆ. ಅವಳು ಬಲಗೈ ಪಕ್ಕಕ್ಕೆ ಚಾಚಿದಳು. ಏನೂ ಸಿಗಲಿಲ್ಲ. ಇನ್ನೂ ಸ್ವಲ್ಪ ಚಾಚಿದಳು. ಎಡಗೈ ಚಾಚಿದಳು. ಎರಡು ಕೈಯನ್ನೂ ಹಾಗೇ ಅಗಲಿಸಿಕೊಂಡು ಬಿಸಿಲಲ್ಲಿ ನಿಂತಳು.

"ಗೋಡ ಎಕ್ಕಡ್ರಾ ಚಿನ್ನೋಡಾ?"

ಗೋಡೆ ಎಲ್ಲೋ ಚಿಕ್ಕೋನೇ ಎಂದಳು. ನಾವು ಕೆಂಚ ಎನ್ನುವವನನ್ನು ಅವಳು ಚಿನ್ನೋಡ ಎಂದು ಕರೆಯುತ್ತಿದ್ದಳು. ಕೆಂಚಣ್ಣ ನೆಲ ನೋಡುತ್ತ ನಿಂತ. ನಾನು ಅಜ್ಜಿಯ ಮುಖ ನೋಡಿದೆ. ಮಜ್ಜಿಗೆ ಅವಳ ಸೀರೆಯ ಮೇಲೆ ಚೆಲ್ಲುತ್ತಿತ್ತು, ಅವಳಿಗೆ ತಿಳಿಯಲಿಲ್ಲ.

ಪಟೇಲರು, ದೊಡ್ಡಪ್ಪ, ನಾಲ್ಕೈದು ಹಿರಿಯರು ಕೊನೆಗೆ ಬಂದರು. ಸದ್ದು ಕೇಳಿ ಅವಳು ಆ ಕಡೆ ತಿರುಗಿ ಕೈ ಮುಗಿದಳು. ತಮ್ಮನನ್ನು ಸಾಕಿದಿರಿ, ನಿಮ್ಮ ಋಣ ದೊಡ್ಡದು ಎಂದಳು. ಆಮೇಲೆ, "ಅಯ್ಯಾ, ಮೇಮು..." ಎಂದು ಶುರು ಮಾಡಿದಳು. ಸ್ವಾಮಿ, ನಾವು...

"ಅದೆಲ್ಲ ಈಗ ಯಾಕಮ್ಮ?" ಎಂದು ಪಟೇಲರು ನಡುವೆಯೇ ಬಾಯಿ ಹಾಕಿದರು. "ದಣಿದು ಬಂದಿದ್ದೀರಿ. ಮೊದಲು ಉಣ್ಣಿ."

"ಊ ಕಣಮ್ಮ, ಮಾತು ಎಲ್ಲೋಯ್ತದೆ" ಎಂದ ದೊಡ್ಡಪ್ಪ. ಅಷ್ಟು ವರ್ಷದಲ್ಲಿ ಎರಡು ಬೀದಿಯವರು ಒಂದೇ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅವಳಿಗೆ ಕಣ್ಣಿರಲಿಲ್ಲ, ಕಿವಿ ಇತ್ತು. ಅವರ ದನಿಯಲ್ಲಿ ಏನಿತ್ತೋ ಅದು ಅವಳಿಗೆ ಕೇಳಿಸಿತು. ತಮ್ಮನ ಕಡೆ ತಿರುಗಿ ಏನೋ ಕೇಳಿದಳು. ಅವನು ಅವಳ ಕಂಕುಳಿನ ಗಂಟು ತೆಗೆದು ಹೊಸಲ ಮೇಲಿಟ್ಟ. ಅವಳು ಅವರ ಮುಂದೆ ಆ ಮಾತು ಮತ್ತೆ ಎತ್ತಲಿಲ್ಲ.

"ನಮ್ಮನೇಗೆ ಕರ್ಕಂಡೋಯ್ತೀನಿ" ಎಂದು ಅಜ್ಜಿ ಹೊರಟಳು. ದೊಡ್ಡಪ್ಪ ತೋಳು ಹಿಡಿದ. "ಅವ್ವ, ಒಸಿ ತಡಿ. ಮನೇಲಿ ನಾಕ್ ಜನ ಹೆಣ್ಮಕ್ಕಳವ್ರೆ, ಮದ್ವೆ ಆಗ್ಬೇಕು." ಅಜ್ಜಿ ತೋಳು ಬಿಡಿಸಿಕೊಂಡಳು. ಆದರೆ ಕರೆತರಲಿಲ್ಲ. ಒಂದು ಕಂಬಳಿ, ಒಂದು ಬುಟ್ಟಿ ರೊಟ್ಟಿ ತೆಗೆದುಕೊಂಡು ಹೋಗಿ ಕೊಟ್ಟಳು. ಅಕ್ಕ ತಮ್ಮ ಆ ದಿನ ಹುಣಸೆಮರದ ಕೆಳಗೆ, ಬಾಗಿಲ ಒಳಮಗ್ಗುಲಲ್ಲಿ ಕಳೆದರು. ಒಳಮಗ್ಗುಲು ಯಾವುದು, ಹೊರಮಗ್ಗುಲು ಯಾವುದು ಎಂದು ಅವನಿಗೆ ಮಾತ್ರ ಗೊತ್ತು.

ಮಾರನೆ ದಿನ ಗಾಡಿಗಳು ವಾಪಸು ಬಂದವು. ಕೆಂಚಣ್ಣನ ಅಕ್ಕನನ್ನು ಹತ್ತಿಸಲು ಅಜ್ಜಿ ಹೋದಳು. ಅವಳು ಅಜ್ಜಿಯ ಕೈ ಹಿಡಿದು, ಮೈ ಮೇಲೆಲ್ಲ ಕೈಯಾಡಿಸಿ, ಕಿವಿಯ ಹತ್ತಿರ ಬಗ್ಗಿ ಒಂದು ಮಾತು ಹೇಳಿದಳು. ತಾವು ಯಾವ ಜನ ಎನ್ನುವ ಮಾತು. ಯಾರಾದರೂ ಒಬ್ಬರಿಗೆ ಹೇಳಿ ಹೋಗಬೇಕು ಅನ್ನಿಸಿತ್ತೇನೋ. ನಾನು ಅಜ್ಜಿಯ ಸೆರಗಿನಲ್ಲೇ ಇದ್ದೆ, ನನಗೂ ಕೇಳಿಸಿತು. ಅಜ್ಜಿ ನನ್ನ ತಲೆಯ ಮೇಲೆ ಕೈಯಿಟ್ಟು ಒತ್ತಿದಳು. ಅಷ್ಟೇ. ಉಪ್ಪಿನ ಮಡಕೆಯನ್ನು ಆ ಅಕ್ಕ ಹೊಸಲ ಮೇಲೆ ಬಿಟ್ಟು ಹೋದಳು. ಕೆಂಚಣ್ಣ ಚೀಲಕ್ಕೆ ಬಾಚಿ, ಉಳಿ ಹಾಕಿಕೊಂಡು ಅವಳ ಜೊತೆ ಗಾಡಿ ಹತ್ತಿದ.

ಇನ್ನು ಬರುವುದಿಲ್ಲ ಎಂದು ಊರು ತಿಳಿದುಕೊಂಡಿತು. ಆಗ ಎಲ್ಲರಿಗೂ ಅವನ ಮೇಲೆ ಪ್ರೀತಿ ಉಕ್ಕಿತು. ರಾಟೆ ಕಿರುಗುಟ್ಟಿದರೆ ಹೆಂಗಸರು ಪಟೇಲರ ಮನೆ ಕಡೆ ನೋಡಿ ಬೈಯುತ್ತಿದ್ದರು. ಪಟೇಲರು ತಾವಾಗಿ ಗಾಡಿ ಹೂಡಿಸಿ ಕೆರೆಯ ಮಣ್ಣು ತಂದು ಬಾಗಿಲ ಪಕ್ಕ ರಾಶಿ ಹಾಕಿಸಿದರು. ದೊಡ್ಡಪ್ಪ ಮಣ್ಣು ತುಳಿಯಲು ನಮ್ಮ ಬೀದಿಯವರನ್ನೆಲ್ಲ ಒಪ್ಪಿಸಿದ.

ಯುಗಾದಿಯ ಹೊತ್ತಿಗೆ ಅವನು ಬಂದ. ಒಬ್ಬನೇ, ನಡೆದುಕೊಂಡು, ತಲೆ ಬೋಳಿಸಿಕೊಂಡು.

"ಅಕ್ಕ ಹೋದ್ಲು ಕಣವ್ವ" ಎಂದ ಅಜ್ಜಿಗೆ. "ಕೊಟ್ಟಿಗೇಲಿ ಗಾಳಿ ಜಾಸ್ತಿ. ಜ್ವರ ಬಂತು."

ಪಟೇಲರು ಓಡಿಬಂದರು. "ಕೆಂಚ, ಮಣ್ಣು ಬಿದ್ದಿದೆ ನೋಡಪ್ಪ. ನಾಳೆಯೇ ಗೋಡೆ ಹಾಕೋಣ."

"ಯಾಕ್ ಬುಡಿ ಸ್ವಾಮಿ. ನಂಗೊಬ್ನಿಗೆ ಗುಡಿ ಜಗಲಿ ಸಾಕು" ಎಂದ. ಸಿಟ್ಟಿಲ್ಲ, ಏನಿಲ್ಲ. ಆ ಮಣ್ಣನ್ನು ಹೊತ್ತುಕೊಂಡು ಹೋಗಿ ಯಾರದೋ ಹಿತ್ತಿಲ ಗೋಡೆಗೆ ಮೆತ್ತಿದ.

ನಮ್ಮ ಮನೆಯ ಸರದಿ ಬಂತು. ಅಜ್ಜಿ ಒಲೆಯ ಹತ್ತಿರ ಮಣೆ ಹಾಕಿಟ್ಟಳು. ಅವನು ಬಂದು ಹೊರಗೆ ಜಗಲಿಯ ಮೇಲೆ ಕೂತ.

"ಒಳೀಕ್ ಬಾರೋ ಕೆಂಚ."

"ಇಲ್ಲೇ ಆಯ್ತದೆ ಕಣವ್ವ. ಗಾಳಿ ಬತ್ತದೆ."

ಎಲ್ಲ ಮನೆಯಲ್ಲೂ ಅದೇ ಮಾತು, ಗಾಳಿ ಬತ್ತದೆ. ಹೊಸಲು ದಾಟಲಿಲ್ಲ. ಬಾಗಿಲುವಾಡ ತಟ್ಟಲಿಲ್ಲ. ಪಟೇಲರ ಹೆಂಡತಿ ಕಣ್ಣೀರು ಹಾಕಿ ಕರೆದರಂತೆ, ಅವರಿಗೂ ಗಾಳಿ ಬತ್ತದೆ ತಾಯಿ ಎಂದನಂತೆ. ಕೆಲಸ ಮಾತ್ರ ಒಂದನ್ನೂ ಬಿಡಲಿಲ್ಲ. ಬೀಸುವ ಕಲ್ಲನ್ನು ಜಗಲಿಗೆ ಹೊತ್ತು ತಂದರೆ ಮುಳ್ಳು ಹಾಕಿಕೊಡುವನು. ಮಾಳಿಗೆ ಸೋರಿದರೆ ಹೊರಗಿನಿಂದ ಏಣಿ ಹಾಕಿ ಹತ್ತಿ ಸೌಳುಮಣ್ಣು ಹಾಕುವನು. ಮೇಲಿನಿಂದ ಬೆಳಕಿಂಡಿಯಲ್ಲಿ ಬಗ್ಗಿ, "ಅವ್ವ, ಸೋರಾದು ನಿಂತ್ತಾ?" ಎಂದು ಕೂಗುವನು. ಕೆಳಗೆ ಒಲೆಯ ಮುಂದೆ ಕೂತ ಅಜ್ಜಿ ತಲೆಯೆತ್ತಿ, "ನಿಂತ್ತು ಕಣೋ" ಎನ್ನುವಳು. ಅಷ್ಟು ಹತ್ತಿರ ಬರುತ್ತಿದ್ದ. ಮನೆಯೊಳಗೆ ಹೂತ ಒರಳುಗಳನ್ನು ಹೊರಗೆ ತರುವಂತಿರಲಿಲ್ಲ. ಅವು ವರ್ಷದಿಂದ ವರ್ಷಕ್ಕೆ ನುಣ್ಣಗಾದವು. ಬೇರೆ ಕಲ್ಲುಕುಟಿಗರು ಬೀದಿಯಲ್ಲಿ ಕೂಗುತ್ತ ಬಂದರೂ ಅಜ್ಜಿ ಕರೆಯಲಿಲ್ಲ. ಕಾಳು ಜಾರಿದಾಗಲೆಲ್ಲ ಗುಂಡುಕಲ್ಲು ಕೈಬಿಟ್ಟು ಸುಮ್ಮನೆ ಕೂರುತ್ತಿದ್ದಳು.

ಬಾಗಿಲು ಅಲ್ಲೇ ನಿಂತಿತ್ತು. ಕೀಳುವ ಹಾಗಿಲ್ಲವಲ್ಲ. ಯುಗಾದಿ ಬಂದರೆ ಎರಡು ಬೀದಿಯವರೂ ಬಂದು ಅದಕ್ಕೆ ಮಾವಿನೆಲೆ, ಬೇವಿನೆಲೆ ಕಟ್ಟುತ್ತಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ. ನಾವು ಮಕ್ಕಳು ಅಲ್ಲಿ ಆಡುವುದನ್ನು ಬಿಟ್ಟೆವು.

ನನಗೆ ಅದೇ ಊರಲ್ಲಿ ಸೋದರಮಾವನ ಜೊತೆ ಮದುವೆಯಾಯಿತು. ಮೊದಲ ಕೂಸಿಗೆ ತೊಟ್ಟಿಲು ಅವನೇ ಮಾಡಿದ, ಜಗಲಿಯ ಮೇಲೆ ಇಟ್ಟುಹೋದ. ಆ ವರ್ಷದ ಬೇಸಗೆಯಲ್ಲೇ, ಬಿಳಿಯರು ಹೋಗುತ್ತಾರಂತೆ ಎಂದು ಊರೆಲ್ಲ ಮಾತಾಡುತ್ತಿದ್ದ ಕಾಲದಲ್ಲಿ, ಒಂದು ಬೆಳಗ್ಗೆ ಗುಡಿಯ ಜಗಲಿಯಿಂದ ಅವನು ಏಳಲಿಲ್ಲ.

ನಮ್ಮಲ್ಲಿ ಸತ್ತವರನ್ನು ಅವರ ಮನೆಯ ಮುಂದೆ ಕೂರಿಸಿ ಪೂಜೆ ಮಾಡಿ ಎತ್ತುವುದು. ಕೆಂಚಣ್ಣನನ್ನು ಯಾರ ಮನೆಯ ಮುಂದೆ ಕೂರಿಸಬೇಕು? ಪಟೇಲರು ತಮ್ಮ ಮನೆಯ ಮುಂದೆ ಎಂದರು. ದೊಡ್ಡಪ್ಪ, ಅದೆಂಗಾಯ್ತದೆ ಸ್ವಾಮಿ, ಅವನು ನಮ್ಮೋನು ಎಂದ. ಮಾತಿಗೆ ಮಾತು ಬೆಳೆಯಿತು. ಹೆಣ ಬಿಸಿಲಲ್ಲಿತ್ತು. ಅಜ್ಜಿಗೆ ಆಗ ನಡೆಯಲು ಆಗುತ್ತಿರಲಿಲ್ಲ, ಕೋಲೂರಿಕೊಂಡು ಬಂದಳು.

"ಥೂ ನಿಮ್ಮ. ಬದುಕಿದ್ದಾಗ ಮೂರು ಗೋಡೆ ಕೊಡ್ಲಿಲ್ಲ, ಈಗ ಜಗಲಿ ಕೊಡಾಕ್ ಬಂದವ್ರೆ" ಎಂದಳು. "ಅವನಿಗೂ ಒಂದು ಬಾಗ್ಲು ಐತೆ ಕಣ್ರೋ. ಅಲ್ಲಿ ಕೂರ್ಸಿ."

ಅಲ್ಲೇ ಕೂರಿಸಿದರು, ಹೊಸಲ ಮೇಲೆ, ಬೇವಿನ ಕಂಬಕ್ಕೆ ಒರಗಿಸಿ. ಒಲೆಯ ಹತ್ತಿರ ನಮ್ಮ ಮನೆಯ ಕಂಬಕ್ಕೆ ಒರಗಿ ಕೂರುತ್ತಿದ್ದನಲ್ಲ, ಹಾಗೇ ಕಂಡ. ಚಟ್ಟ ಕಟ್ಟಲು ಯಾರಿಗೂ ಸರಿಯಾಗಿ ಬರಲಿಲ್ಲ. ದಾರಿಯಲ್ಲಿ ಎರಡು ಸಲ ಬಿಚ್ಚಿಕೊಂಡಿತು.

ಅಜ್ಜಿ ಬಹಳ ದಿನ ಉಳಿಯಲಿಲ್ಲ. ಬಾಗಿಲಿಗೆ ಗೆದ್ದಲು ಹಿಡಿದು ಬಿತ್ತು. ಹುಣಸೆಮರವೂ ಹೋಯಿತು. ಈಗ ಊರಲ್ಲಿ ಎಲ್ಲರ ಮನೆಗೂ ಕಬ್ಬಿಣದ ಗೇಟು. ಮುರಿದದ್ದನ್ನು ಎಸೆದು ಹೊಸದು ತರುತ್ತಾರೆ. ಯಾರು ಯಾವ ಜನ ಎಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ಯಾರ ಒಲೆಯ ಮೇಲೆ ಏನಿದೆ ಎಂದು ಪಕ್ಕದ ಮನೆಯವರಿಗೂ ಗೊತ್ತಿಲ್ಲ. ನಮ್ಮ ಒರಳನ್ನು ಸೊಸೆ ಕಿತ್ತು ಹೊರಗೆ ಹಾಕಿಸಿದ್ದಾಳೆ, ಅದರಲ್ಲಿ ಕೋಳಿ ನೀರು ಕುಡಿಯುತ್ತವೆ. ಕೈಯಾಡಿಸಿದರೆ ಗಾಜಿನ ಹಾಗೆ ನುಣ್ಣಗಿದೆ.

ಮೊನ್ನೆ ಎರಡು ಬೀದಿಯ ಹುಡುಗರು ಬಂದು ನನ್ನನ್ನು ಕೈ ಹಿಡಿದು ಆ ಬಯಲಿಗೆ ಕರೆದುಕೊಂಡು ಹೋದರು. ಕೆಂಚಣ್ಣನ ಹೆಸರಲ್ಲಿ ಒಂದು ಕಟ್ಟೆ ಕಟ್ಟಿ ಬೋರ್ಡು ಹಾಕಿಸುತ್ತಾರಂತೆ. ಇವರು ಅವನು ನಮ್ಮವನು ಎನ್ನುತ್ತಾರೆ, ಅವರು ನಮ್ಮವನು ಎನ್ನುತ್ತಾರೆ. ಅವನನ್ನು ಕಂಡವಳು ನಾನೊಬ್ಬಳೇ ಉಳಿದಿರುವುದು.

"ಅಜ್ಜಿ, ಅವ್ರು ಯಾವ್ ಜನ ಅಂತ ನಿಂಗೆ ಗೊತ್ತಂತಲ್ಲ. ಹೇಳ್ಬುಡು, ಬೋರ್ಡಲ್ಲಿ ಬರಸ್ತೀವಿ" ಎಂದರು.

"ಹೇಳ್ತೀನಿ" ಎಂದೆ. "ಮೊದ್ಲು ಗೋಡೆ ಕಟ್ರಿ."

"ಯಾವ್ ಗೋಡೆ ಅಜ್ಜಿ?" ಎಂದು ಒಬ್ಬ ಕೇಳಿದ. ಅವನು ನಿಂತಿದ್ದದ್ದು ಆ ಹೊಸಲಿನ ಕಲ್ಲಿನ ಮೇಲೆ.